ಕೂಸಿನ ಮೊದಲ ಉಸಿರು



ಹೊಟ್ಟೆಯೊಳಗಿನ ಕೂಸಿಗೆ ಆಮ್ಲಜನಕ ಸಿಗುವುದು ತಾಯಿಯ ರಕ್ತದಿಂದ, ಮಾಸು ಮತ್ತು ಹೊಕ್ಕುಳಬಳ್ಳಿಯ ಮೂಲಕ. ಪ್ರತಿ ನೋವಿನಲ್ಲೂ ಅದು ತುಸು ತಗ್ಗಿ ಮತ್ತೆ ಸರಿಯಾಗುತ್ತದೆ. ಆದರೆ ಬಳ್ಳಿ ಒತ್ತಿಹೋದರೆ, ಮಾಸು ಮೊದಲೇ ಬಿಟ್ಟುಕೊಂಡರೆ, ಹೆರಿಗೆ ಬಹಳ ಹೊತ್ತು ಹಿಡಿದರೆ ಕೂಸು ಬಳಲುತ್ತದೆ. ನಿಮಿಷಕ್ಕೆ 110ರಿಂದ 160 ಇರಬೇಕಾದ ಎದೆಬಡಿತ ಏರುಪೇರಾಗುತ್ತದೆ, ಮೆದುಳಿಗೂ ಪೆಟ್ಟಾಗಬಹುದು.

ಕೂಸಿನ ಅಲುಗಾಟ ಕಡಿಮೆಯಾದರೆ, ರಕ್ತ ಅಥವಾ ಹಸಿರು ನೀರು ಹೋದರೆ, ಗಂಡ ಬರಲಿ, ಅತ್ತೆ ಹೇಳಲಿ ಎಂದು ಕಾಯಬೇಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿದ್ದರೂ 108ಕ್ಕೆ ಕರೆ ಮಾಡಿ.

ಹುಟ್ಟಿದಾಗ ಅಳದ ಕೂಸೆಲ್ಲ ಸತ್ತ ಕೂಸಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ 599 ಹೆರಿಗೆ ಸಿಬ್ಬಂದಿಗೆ ಕೂಸನ್ನು ಒರೆಸಿ, ಬೆನ್ನುಜ್ಜಿ, ಗಾಳಿ ಚೀಲದಿಂದ ಉಸಿರು ಕೊಡುವುದನ್ನು ಕಲಿಸಲಾಯಿತು. ಆ ಬಳಿಕ ಸತ್ತು ಹುಟ್ಟುವ ಮಕ್ಕಳ ಸಂಖ್ಯೆ ಸಾವಿರಕ್ಕೆ 30ರಿಂದ 23ಕ್ಕೆ ಇಳಿಯಿತೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಆದ್ದರಿಂದ ಮೊದಲ ನಿಮಿಷ ಕೂಸನ್ನು ನರ್ಸ್ ಕೈಗೆ ಬಿಡಿ. ಉಸಿರು ಬಂದ ಮೇಲೆ ಕಿವಿಯಲ್ಲಿ ಅಜಾನ್ ಹೇಳೋಣ.

ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆ ಇಡಲು ಪ್ರವಾದಿಯವರು(ಸ) ಕಲಿಸಿದ್ದಾರೆ. ಪ್ರಯತ್ನಿಸದೆ ‘ತಕ್ದೀರ್’ ಎನ್ನಬೇಡಿ. ಅಲ್ಲಾಹನು ನಮ್ಮ ತಾಯಂದಿರನ್ನೂ ಕೂಸುಗಳನ್ನೂ ಕಾಪಾಡಲಿ. ಆಮೀನ್.