ಜಹಾಂಗೀರನಿಗೆ ಹೆಸರು ಸಿಗದ ಹಕ್ಕಿ

1612ರಲ್ಲಿ ಗೋವಾದಿಂದ ಜಹಾಂಗೀರನ ದರ್ಬಾರಿಗೆ ಒಂದು ವಿಚಿತ್ರ ಹಕ್ಕಿ ಬಂತು. ತಂದವನು ಮುಕರ್ರಬ್ ಖಾನ್. ಪೋರ್ಚುಗೀಸರ ಬಂದರಿನಲ್ಲಿ ಅಪರೂಪದ್ದು ಏನು ಕಂಡರೂ ಕೊಂಡು ತಾ ಎಂದು ಬಾದಶಹನ ಅಪ್ಪಣೆಯಾಗಿತ್ತು. ಅವನು ಬೆಲೆ ನೋಡದೆ ಕೊಂಡಿದ್ದ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಆ ಹಕ್ಕಿಗೆ ಮನಸೋತು ಬರೆದಿದ್ದಾನೆ. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡಿಗಿಂತ ಚಿಕ್ಕದು. ಮದವೇರಿದರೆ ಗರಿಗೆದರಿ ಕುಣಿಯುತ್ತದೆ. ತಲೆ, ಕುತ್ತಿಗೆ ಈಗ ಹವಳಗೆಂಪು, ಇನ್ನೊಂದು ಗಳಿಗೆಗೆ ಹತ್ತಿಯಷ್ಟು ಬಿಳಿ, ಆಮೇಲೆ ನೀಲಿ. ನೆತ್ತಿಯ ಮಾಂಸ ಆನೆಯ ಸೊಂಡಿಲಿನ ಹಾಗೆ ಜೋತುಬೀಳುತ್ತದೆ. ಇಷ್ಟೆಲ್ಲ ನೋಡಿದವನಿಗೆ ಅದರ ಹೆಸರು ಮಾತ್ರ ಗೊತ್ತಿಲ್ಲ. ಆಸ್ಥಾನದಲ್ಲಿ ಯಾರಿಗೂ ಗೊತ್ತಿಲ್ಲ. ಮುತ್ತಾತ ಬಾಬರ್ ಪ್ರಾಣಿಗಳನ್ನು ಬಣ್ಣಿಸಿದ, ಚಿತ್ರ ಬರೆಸಲಿಲ್ಲ ಎಂಬ ಕೊರಗು ಬೇರೆ. ಚಿತ್ರ ಬರೆಸಿಯೇ ಬಿಟ್ಟ. ಉಸ್ತಾದ್ ಮನ್ಸೂರನದೆನ್ನುವ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ತಮಾಷೆಯೆಂದರೆ, ಭಾರತದ ಬಾದಶಹನಿಗೆ ಗುರುತೇ ಸಿಗದ ಈ ಹಕ್ಕಿಯನ್ನು ಎಷ್ಟೋ ದೇಶಗಳು ಭಾರತದ್ದೆಂದೇ ನಂಬಿದ್ದವು. ಫ್ರೆಂಚರಿಗೆ ಅದು ‘ದಾಂದ್’, ಅಂದರೆ ಭಾರತದ್ದು. ಡಚ್ಚರ ‘ಕಾಲ್ಕೂನ್’ ಹುಟ್ಟಿದ್ದು ಕಲ್ಲಿಕೋಟೆಯ ಹೆಸರಿನಿಂದ. ಮಲಯ ಭಾಷೆಯವರು ಅದನ್ನು ಡಚ್ಚರ ಕೋಳಿ ಎಂದರು. ಪೋರ್ಚುಗೀಸರು ಪೆರು ಎಂದರು. ಇಂಗ್ಲಿಷರು ಟರ್ಕಿ ಎಂದರು. ಆ ಟರ್ಕಿಯವರೋ, ‘ಹಿಂದಿ’ ಎಂದು ಕರೆದು ನಮ್ಮ ಕಡೆಗೇ ತೋರಿಸಿದರು!

ಇಂಗ್ಲಿಷರ ಎಡವಟ್ಟಿಗೊಂದು ಹಿನ್ನೆಲೆಯಿದೆ. ಆಫ್ರಿಕಾದ ಗಿನಿಕೋಳಿ ಟರ್ಕಿಯ ಸೀಮೆ ದಾಟಿ ಇಂಗ್ಲೆಂಡಿಗೆ ಬರುತ್ತಿತ್ತು, ಹಾಗಾಗಿ ಅದು ಟರ್ಕಿ ಕೋಳಿ. ಹದಿನಾರನೇ ಶತಮಾನದಲ್ಲಿ ಅಮೆರಿಕದ ಹೊಸ ಹಕ್ಕಿ ಬಂದಾಗ ಜನ ಎರಡನ್ನೂ ಕಲಸಿಬಿಟ್ಟರು. ಹೆಸರು ಹೊಸದಕ್ಕೆ ಅಂಟಿಕೊಂಡಿತು. ಪಂಡಿತರಾದರೂ ತಿದ್ದಿದರೇ? ಲಿನೇಯಸ್ 1758ರಲ್ಲಿ ಇದಕ್ಕೆ ಕೊಟ್ಟ ಶಾಸ್ತ್ರೀಯ ನಾಮದ ಮೊದಲ ಪದ ‘ಮೆಲಿಯಾಗ್ರಿಸ್’. ಗ್ರೀಕರಲ್ಲಿ ಅದೂ ಗಿನಿಕೋಳಿಯ ಹೆಸರೇ!

ಕೊಲಂಬಸ್ ಹಡಗೇರುವುದಕ್ಕೆ ಎಷ್ಟೋ ಶತಮಾನ ಮೊದಲೇ ಇದನ್ನು ಸಾಕಿ ಪಳಗಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ನಹುಆಟ್ಲ್ ಭಾಷೆಯಲ್ಲಿ ಅದಕ್ಕೆ ತನ್ನದೇ ಹೆಸರಿತ್ತು. ಮೆಕ್ಸಿಕೋದ ಸ್ಪ್ಯಾನಿಷ್‌ನಲ್ಲಿ ‘ಗ್ವಾಹೊಲೋತೆ’ಯಾಗಿ ಈಗಲೂ ಉಳಿದಿದೆ. ಹಡಗಿನವರು ಹಕ್ಕಿಯನ್ನು ಒಯ್ದರು, ಹೆಸರನ್ನು ದಡದಲ್ಲೇ ಬಿಟ್ಟರು.

ನಾವೇನು ಕಮ್ಮಿ? ಆ ಮೆಕ್ಸಿಕೋ ಕಡೆಯಿಂದಲೇ ಬಂದ ತರಕಾರಿಗೆ ಸೀಮೆಬದನೆ ಎಂದು ಚಂದದ ಹೆಸರು ಕಟ್ಟಿದ ಕನ್ನಡ, ಈ ಹಕ್ಕಿಗೆ ಮಾತ್ರ ಇಂಗ್ಲಿಷರ ತಪ್ಪನ್ನೇ ಎರವಲು ತಂದು ಟರ್ಕಿ ಕೋಳಿ ಎಂದಿತು. ಸೋಮಾರಿತನವಲ್ಲದೆ ಇನ್ನೇನು!