ನಿಮಗಿದು ಗೊತ್ತೆ? ರಾತ್ರಿ ಬಾಗಿಲು ಹಾಕುವ ಹೆದ್ದಾರಿ

ಗುಂಡ್ಲುಪೇಟೆಯಿಂದ ಕೇರಳಕ್ಕೂ ಊಟಿಗೂ ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ ಹೊತ್ತು ಅತಿವೇಗದ ಕಾರುಗಳನ್ನು ಪೊಲೀಸರು ಬೆನ್ನಟ್ಟಬೇಕಾಗಿಲ್ಲ. 9 ಗಂಟೆಗೆ ಗೇಟೇ ಬೀಳುತ್ತದೆ! ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ.

ಕೇರಳದ ದಾರಿಯಲ್ಲಿ ಮದ್ದೂರು ಚೆಕ್‌ಪೋಸ್ಟ್, ಊಟಿಯ ದಾರಿಯಲ್ಲಿ ಮೇಲುಕಾಮನಹಳ್ಳಿ. ಹೊತ್ತು ಮೀರಿ ಬಂದ ಲಾರಿ ಚಾಲಕ ಎಂಜಿನ್ ಆರಿಸಿ ಕ್ಯಾಬಿನ್‌ನಲ್ಲೇ ಕಾಲು ಚಾಚಬೇಕು. ಆಂಬುಲೆನ್ಸ್‌ಗೆ ಅಡ್ಡಿಯಿಲ್ಲ. ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗೂ ವಿನಾಯಿತಿ ಉಂಟು.

ಇದೆಲ್ಲ ಬಂಡೀಪುರದ ಪ್ರಾಣಿಗಳಿಗಾಗಿ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ಹೊರಡಿಸಿದ ಆದೇಶ ಕೆಲವೇ ದಿನಗಳಲ್ಲಿ ವಾಪಸಾಯಿತು. ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಕೇರಳ ಸುಮ್ಮನಿರಲಿಲ್ಲ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಇಷ್ಟು ಬಿಗಿ ಏಕೆಂದು ಗೊಣಗುವವರು ಈ ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕನ ಕಾಲು ಬ್ರೇಕ್ ಮುಟ್ಟುವುದಕ್ಕೇ ಅಷ್ಟು ಹೊತ್ತು ಬೇಕು! ವೇಗ ಇಮ್ಮಡಿಯಾದರೆ, ಬ್ರೇಕ್ ಒತ್ತಿದ ಮೇಲೆ ಕಾರು ಸಾಗುವ ದೂರ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಎದುರಿಗಿರುವ ಜಿಂಕೆಯೋ, ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಓಡುವ ಬದಲು ನಿಂತಲ್ಲೇ ನಿಂತುಬಿಡುತ್ತದೆ.

ಹಗಲಿನ ವೇಗದೂತರಿಗೆ? ಕಾಡಿನುದ್ದಕ್ಕೂ ರಸ್ತೆಯುಬ್ಬುಗಳಿವೆ. ಸೊಂಟ ಗಟ್ಟಿಯಿದ್ದವರು ಪ್ರಯತ್ನಿಸಬಹುದು. ಮೈಸೂರಿನಿಂದ ವಯನಾಡಿಗೆ ರಾತ್ರಿಯೇ ಹೋಗಬೇಕೆನ್ನುವವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ ಇದ್ದೇ ಇದೆ.