ಹಳೆಯ ಉಳಿಗೆ ಹೊಸ ಕಾವು

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಸೀಮೆಯಲ್ಲಿ ಆಯದ ಪದ್ಧತಿ ನಡೆಯುತ್ತಿದ್ದಾಗ ಬಡಿಗೇರರಿಗೂ ಕಂಬಾರರಿಗೂ ಸುಗ್ಗಿಯ ಕಣದಿಂದಲೇ ಕಾಳು ಸಲ್ಲುತ್ತಿತ್ತು. ಅದು ಹೊಸ ಸಾಮಾನಿನ ಬೆಲೆಗಿಂತ ಹೆಚ್ಚಾಗಿ ವರ್ಷವಿಡೀ ನಡೆಯುವ ರಿಪೇರಿಯ ಕೂಲಿ: ಸವೆದ ಕುಂಟೆಯ ಕುಡ ಬಡಿದು ಚೂಪು ಮಾಡುವುದು, ಕೂರಿಗೆಯ ತಾಳು ಬದಲಿಸುವುದು, ಕೊಡಲಿಗೆ ಕಾವು ಹಾಕುವುದು. ಆ ಪದ್ಧತಿಗೆ ಜಾತಿಯ ಕಟ್ಟು ಇತ್ತು, ಅದನ್ನು ಮರಳಿ ಬಯಸಬೇಕಿಲ್ಲ. ಆದರೆ ಹತ್ಯಾರದ ಆಯುಸ್ಸನ್ನು ಕಾಯುವುದು ಇಡೀ ಊರಿನ ಹೊಣೆ ಎಂಬ ಅದರೊಳಗಿನ ತಿಳಿವಳಿಕೆ ದೊಡ್ಡದು. ಇಂಗ್ಲೆಂಡಿನ ಸೌತಾಂಪ್ಟನ್ ಬಳಿಯ ನೆಟ್ಲಿ ಮಾರ್ಷ್ ಎಂಬ ಹಳ್ಳಿಯನ್ನು ನೆಲೆ ಮಾಡಿಕೊಂಡ ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಸಂಸ್ಥೆ ಇದೇ ತಿಳಿವಳಿಕೆಯನ್ನು ಸಮುದ್ರದಾಚೆಗೂ ಒಯ್ದಿತು.

ಗ್ಲಿನ್ ರಾಬರ್ಟ್ಸ್ 1970ರ ದಶಕದ ಕೊನೆಯಲ್ಲಿ ಇದನ್ನು ಕಟ್ಟಿದರು. ಕೆಲಸ ಸರಳ. ಅಟ್ಟದ ಮೇಲೆ ತುಕ್ಕು ಹಿಡಿದ ಗರಗಸ, ಉಳಿ, ಕೀಸುಳಿ, ಇಕ್ಕಳ, ಹೊಲಿಗೆ ಯಂತ್ರಗಳನ್ನು ಜನರಿಂದ ಪಡೆದು, ಊರೂರಿನ ಸ್ವಯಂಸೇವಕರು ದುರಸ್ತಿ ಮಾಡಿದರು. ಅವರಲ್ಲಿ ಬಹಳಷ್ಟು ಮಂದಿ ನಿವೃತ್ತರು. ಆಮೇಲೆ ಕಸುಬಿಗೊಂದರಂತೆ ಪೆಟ್ಟಿಗೆ ಕಟ್ಟಿ ಟಾಂಜಾನಿಯಾ, ಉಗಾಂಡಾ, ಮಲಾವಿಯಂಥ ದೇಶಗಳಿಗೆ ಕಳಿಸಿದರು. ಸಂಸ್ಥೆಯ ಹೆಸರಿನಲ್ಲಿರುವ ಸ್ವಾವಲಂಬನೆ ಎಂಬ ಮಾತು 1967ರ ಅರೂಷಾ ಘೋಷಣೆಯಲ್ಲಿ ಜೂಲಿಯಸ್ ನ್ಯೆರೇರೆಯವರ ಟಾಂಜಾನಿಯಾ ಎತ್ತಿ ಹಿಡಿದದ್ದೇ. ಚೆಶಮ್‌ನ ‘ವರ್ಕ್‌ಏಡ್’, ಇಪ್ಸ್‌ವಿಚ್‌ನ ‘ಟೂಲ್ಸ್ ವಿತ್ ಎ ಮಿಷನ್’ ಕೂಡ ಇದೇ ಹಾದಿಯವು.

ಹಳೆಯದನ್ನು ಸಾಗಿಸುವ ಬದಲು ಹೊಸದನ್ನೇ ಕೊಂಡು ಕೊಡಬಾರದೇ ಎಂಬ ಆಕ್ಷೇಪ ಸಹಜ. ಉತ್ತರ ಉಕ್ಕಿನಲ್ಲಿದೆ. ಚೆನ್ನಾಗಿ ಹದ ಹಾಕಿದ ಹಳೆಯ ಉಳಿಯನ್ನು ಸಾಣೆ ಹಿಡಿದಷ್ಟೂ ಅಲಗು ಮರಳಿ ಬರುತ್ತದೆ; ಅಗ್ಗದ ಹೊಸ ಉಳಿಯ ಬಾಯಿ ಗಟ್ಟಿಮರಕ್ಕೆ ತಾಗಿದೊಡನೆ ಮಡಚುತ್ತದೆ. ಕೈಯಿಂದ ತಿರುಗಿಸುವ ಹಳೆಯ ಸಿಂಗರ್ ಯಂತ್ರಕ್ಕೆ ಕರೆಂಟು ಬೇಡ, ನಮ್ಮ ದೇಶದ ಸಾಮಾನ್ಯ ಹೊಲಿಗೆ ಯಂತ್ರದ ಸೂಜಿಯೇ ಅದರ ಬಹುತೇಕ ಮಾದರಿಗಳಿಗೂ ಆಗುತ್ತದೆ. ಜೊತೆಗೆ, ಗರಗಸದ ಹಲ್ಲುಗಳನ್ನು ಒಂದು ಬಿಟ್ಟು ಒಂದು ಎಡಬಲಕ್ಕೆ ಬಾಗಿಸಿ, ಅರದಿಂದ ಒಂದೇ ಕೋನದಲ್ಲಿ ತಿಕ್ಕುವ ಕೈಚಳಕ ಕೂಡಿಬರಲು ವರ್ಷಗಳೇ ಬೇಕು. ನಿವೃತ್ತಿಯ ದಿನ ಆ ಕೈ ಸುಮ್ಮನಾದರೆ ನಷ್ಟ ಎಲ್ಲರದು.

ಇನ್ನೂ ಗಟ್ಟಿಯಾದ ಆಕ್ಷೇಪ ಸ್ಥಳೀಯ ಕಂಬಾರನದು. ಪುಕ್ಕಟೆ ಬಂದ ಸಾಮಾನು ಅವನ ಕುಲುಮೆಯನ್ನು ಆರಿಸದೇ? ಪೂರ್ವ ಆಫ್ರಿಕಾದ ದೇಶಗಳು 2016ರಲ್ಲಿ ಬಳಸಿದ ಬಟ್ಟೆಗಳ ಆಮದನ್ನು ಹಂತಹಂತವಾಗಿ ನಿಲ್ಲಿಸಲು ಹೊರಟದ್ದು ಇಂಥದೇ ಭಯದಿಂದ, ಮತ್ತು ಆ ಭಯ ನ್ಯಾಯವಾದದ್ದು. ಆದರೆ ಅಂಗಿ ಬಂದರೆ ದರ್ಜಿಯ ಕೆಲಸ ಹೋಗುತ್ತದೆ, ಹೊಲಿಗೆ ಯಂತ್ರ ಬಂದರೆ ದರ್ಜಿ ಹುಟ್ಟುತ್ತಾನೆ. ಕುಡಗೋಲು, ಗುದ್ದಲಿಯಂತೆ ಊರ ಕಂಬಾರನೇ ಮಾಡಬಲ್ಲದ್ದನ್ನು ಮಾತ್ರ ಕಳಿಸಬಾರದು ಎಂಬುದು ನನ್ನ ಖಚಿತ ನಿಲುವು. ಕಂಬಾರನಿಗೇ ಅಡಿಗಲ್ಲು, ಅರ, ಇಕ್ಕಳ ತಲುಪಿದರೆ ಆಕ್ಷೇಪದ ಬೇರೇ ಸಡಿಲವಾಗುತ್ತದೆ. ಹತ್ಯಾರದ ಜೊತೆ ತರಬೇತಿಯೂ ಸಲ್ಲಬೇಕು ಎಂದು ‘ಟೂಲ್ಸ್ ಫಾರ್ ಸೆಲ್ಫ್ ರಿಲಯನ್ಸ್’ ಹಿಡಿದ ಹಟಕ್ಕೂ ಇದೇ ಕಾರಣ.

ಗದಗಿಗೆ ಇದು ದೂರದ ಸುದ್ದಿಯಲ್ಲ. ಇಲ್ಲಿಯದೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದಾಗ ರೈತನಿಗೆ ಸಾಲ ಕೊಡುವುದನ್ನೂ ನೆರೆಹೊರೆಯ ಹೊಣೆಯಾಗಿಸಿದರು. ಬೆಟಗೇರಿಯ ಕುಣಿಮಗ್ಗಗಳ ಲಾಳಿ, ಹಣಿಗೆಗಳನ್ನು ಸರಿಪಡಿಸಬಲ್ಲ ಹಿರಿಯ ಕೈಗಳು, ಗ್ಯಾರೇಜು, ಮುದ್ರಣಾಲಯಗಳಿಂದ ನಿವೃತ್ತರಾದ ಮೆಕ್ಯಾನಿಕ್‌ಗಳ ಕೈಗಳು ಈ ಅವಳಿ ನಗರದಲ್ಲಿವೆ. ಹಡಗು ಬೇಡ. ಒಂದು ಬಾಡಿಗೆ ಕೋಣೆ, ಒಂದು ಸಾಣೆಕಲ್ಲು, ವಾರಕ್ಕೆರಡು ಮಧ್ಯಾಹ್ನ ಸಾಕು. ದುರಸ್ತಿಯಾದ ಹೊಲಿಗೆ ಯಂತ್ರ ಸಂಜೆಯ ಬಸ್ಸಿನಲ್ಲೇ ಮುಂಡರಗಿ ತಲುಪುತ್ತದೆ.